ಓದುಗರ ಪ್ರಶ್ನೆ: ಕಪ್ಪು ಪರದೆ, ಬಿಳಿ ಅಕ್ಷರ

ಈ ಮಳೆಗಾಲದಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಚಿತ್ರ, ಬಟನ್ ಏನೂ ಇಲ್ಲದ, ಬರೀ ಅಕ್ಷರಗಳ ಕಪ್ಪು ಪರದೆ. ಮಡಿಕೇರಿಯ ನಮ್ಮ ತರಬೇತಿ ಕೇಂದ್ರಕ್ಕೆ ಬರುವ ಮಕ್ಕಳೂ ಮೊದಲು ಹಿಂಜರಿಯುವುದು ಇದರ ಮುಂದೆಯೇ. ಅದಕ್ಕೇ ಪ್ರಿಂಟರ್, ವೈರಸ್ ಬಗ್ಗೆ ಕೇಳಿದವರಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ. ಈ ಸಲ ಪೂರ್ತಿ ಇದೇ ವಿಷಯ.

ಪ್ರಶ್ನೆ: ಮೇಡಂ, ನಮ್ಮ ತೋಟದ ಚೆಕ್‌ರೋಲ್, ಕಾಫಿ ತೂಕದ ಲೆಕ್ಕ ಎಲ್ಲ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿದೆ. ಮಗ ಬೆಂಗಳೂರಿಗೆ ಹೋಗುವ ಮೊದಲು ಅದಕ್ಕೆ ಉಬುಂಟು ಹಾಕಿಕೊಟ್ಟಿದ್ದ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಲಾಗಿನ್ ಅಂತ ಮಾತ್ರ ಬರುತ್ತದೆ. ಲೆಕ್ಕವೆಲ್ಲ ಹೋಯಿತಾ?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ಹೋಗಿಲ್ಲ ಎನ್ನುವುದಕ್ಕೆ ಆ ಲಾಗಿನ್ ಎಂಬ ಪದವೇ ಒಳ್ಳೆಯ ಸೂಚನೆ. ಅದು ಪರದೆ ಮೇಲೆ ಬರಬೇಕಾದರೆ ಲ್ಯಾಪ್‌ಟಾಪ್ ಡಿಸ್ಕ್ ಓದಿರಬೇಕು, ಲಿನಕ್ಸ್ (ಕಂಪ್ಯೂಟರ್ ನಡೆಸುವ ಮೂಲ ವ್ಯವಸ್ಥೆ, ನಿಮ್ಮ ಉಬುಂಟು ಅದರದೇ ಒಂದು ರೂಪ) ಪೂರ್ತಿ ಎದ್ದಿರಬೇಕು. ಏಳದೆ ಉಳಿದದ್ದು ಚಿತ್ರದ ಪರದೆ ಮಾತ್ರ.

ಲಿನಕ್ಸಿನಲ್ಲಿ ಕಿಟಕಿಗಳು, ಐಕಾನು, ಮೌಸಿನ ಬಾಣ ಇವೆಲ್ಲ ಕಂಪ್ಯೂಟರಿನ ಬುಡವಲ್ಲ. ಅವನ್ನು ತೋರಿಸುವುದು ಒಂದು ಪ್ರೋಗ್ರಾಮು. ನೀವು ಲೆಕ್ಕ ಬರೆಯುವ ಪ್ರೋಗ್ರಾಮಿನ ಹಾಗೆ ಅದೂ ಕೊನೆಯಲ್ಲಿ ಶುರುವಾಗುತ್ತದೆ. ಅದು ಬಿದ್ದರೆ ಕೆಳಗಿನ ಅಕ್ಷರದ ಪರದೆ ಹಾಗೇ ಉಳಿಯುತ್ತದೆ. ಅಲ್ಲಿಂದಲೇ ರಿಪೇರಿ ಮಾಡಬಹುದು.

ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಒಳಗೆ ಹೋದ ಮೇಲೆ ಇಂಗ್ಲಿಷಿನಲ್ಲಿ 'ಎಲ್‌ಎಸ್' ಎಂದು ಹೊಡೆದು ಎಂಟರ್ ಒತ್ತಿ. ನಿಮ್ಮ ಫೋಲ್ಡರುಗಳ ಹೆಸರು ಬರುತ್ತದೆ. ಲೆಕ್ಕದ ಫೋಲ್ಡರ್ ಅಲ್ಲಿ ಕಂಡರೆ ಮನಸ್ಸಿಗೆ ಸಮಾಧಾನ. ಆಮೇಲೆ 'ಡಿಎಫ್', ಒಂದು ಖಾಲಿ ಜಾಗ, ಹೈಫನ್, 'ಎಚ್' ಹೊಡೆಯಿರಿ. ಬರುವ ಪಟ್ಟಿಯಲ್ಲಿ ಕೊನೆಗೆ / ಗುರುತು ಮಾತ್ರ ಇರುವ ಸಾಲಿನಲ್ಲಿ 100% ಅಂತ ಇದೆಯಾ ನೋಡಿ. ನಾನು ನೋಡಿದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಈ ತೊಂದರೆಗೆ ಬಹಳ ಸಲ ಕಾರಣ ಇದೇ. ಚಿತ್ರದ ಪರದೆ ಶುರುವಾಗುವಾಗ ಡಿಸ್ಕಿನಲ್ಲಿ ಕೆಲವು ಸಣ್ಣ ಫೈಲ್ ಬರೆಯಬೇಕು. ಜಾಗ ಇಲ್ಲದಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ. ಡಿಸ್ಕ್ ತುಂಬಿದ್ದರೆ 'ಸುಡೋ ಆಪ್ಟ್ ಕ್ಲೀನ್' (sudo apt clean) ಎಂಬ ಕಮಾಂಡ್ ಇಳಿಸಿಟ್ಟ ಹಳೆಯ ಪ್ಯಾಕೇಜುಗಳನ್ನು ತೆಗೆದು ಸ್ವಲ್ಪ ಜಾಗ ಮಾಡಿಕೊಡುತ್ತದೆ. ನಿಮ್ಮ ಫೈಲುಗಳನ್ನು ಅದು ಮುಟ್ಟುವುದಿಲ್ಲ.

ಡಿಸ್ಕಿನಲ್ಲಿ ಜಾಗ ಇದ್ದೂ ಹೀಗಾದರೆ ತೊಂದರೆ ಗ್ರಾಫಿಕ್ಸ್ ಕಡೆಯದಿರಬಹುದು. ಆನ್ ಆಗುವಾಗ ಬರುವ, ಯಾವುದನ್ನು ಎಬ್ಬಿಸಬೇಕು ಎಂದು ಕೇಳುವ ಗ್ರಬ್ ಪಟ್ಟಿಯಲ್ಲಿ 'ಇ' ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' (nomodeset) ಎಂದು ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಪರದೆಯ ಅಳತೆ ಹೊಂದಿಸುವ ಕೆಲಸವನ್ನು 2009ರಿಂದ ಲಿನಕ್ಸಿನ ಬುಡವಾದ ಕರ್ನೆಲ್ಲೇ ಮಾಡುತ್ತಾ ಬಂದಿದೆ. ಅದನ್ನು ಮಾಡಬೇಡ, ಇರುವ ಸಾದಾ ಪರದೆಯಲ್ಲೇ ನಡೆಸು ಎಂದು ಈ ಪದ ಹೇಳುತ್ತದೆ. ಇದರಿಂದ ಪರದೆ ಬಂದರೆ ಮೊದಲು ಮಾಡಬೇಕಾದದ್ದು ಲೆಕ್ಕವನ್ನು ಒಂದು ಪೆನ್‌ಡ್ರೈವಿಗೆ ಕಾಪಿ ಮಾಡುವುದು. ಉಳಿದದ್ದನ್ನು ಮಗ ರಜೆಗೆ ಬಂದಾಗ ನೋಡಲಿ.

ಪ್ರಶ್ನೆ: ವೈವಾದಲ್ಲಿ ಟರ್ಮಿನಲ್, ಕನ್ಸೋಲ್, ಶೆಲ್ ಈ ಮೂರರ ವ್ಯತ್ಯಾಸ ಕೇಳಿದರು. ಮೂರೂ ಒಂದೇ ಅಂದೆ. ತಪ್ಪು ಅಂದರು, ಆದರೆ ಯಾಕೆ ಅಂತ ಹೇಳಲಿಲ್ಲ. ಟಿಟಿವೈ ಅಂದರೇನು ಅಂತಲೂ ಕೇಳಿದರು. ಪುಸ್ತಕದಲ್ಲಿ ಎರಡೇ ಸಾಲು ಇದೆ ಮೇಡಂ.
– ಬಿ.ಸಿ.ಎ. ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಈ ಪ್ರಶ್ನೆಗೆ ನನಗೆ ಜಾಸ್ತಿ ಜಾಗ ಬೇಕು. ಇದು ಅರ್ಥವಾದರೆ ಈ ಪುಟದ ಉಳಿದ ಉತ್ತರಗಳೂ ಸುಲಭವಾಗುತ್ತವೆ.

ಟರ್ಮಿನಲ್ ಅಂದರೆ ಫೋನು. ಶೆಲ್ ಅಂದರೆ ಫೋನಿನ ಆ ಕಡೆ ಕೂತು ನಿಮ್ಮ ಮಾತು ಕೇಳಿ ಕೆಲಸ ಮಾಡಿಸುವ ವ್ಯಕ್ತಿ. ಕನ್ಸೋಲ್ ಎಂದರೆ ಯಂತ್ರಕ್ಕೇ ಅಂಟಿಕೊಂಡಿರುವ ಟರ್ಮಿನಲ್, ಯಂತ್ರ ಏಳುವಾಗ ತನ್ನ ಸುದ್ದಿ ಹೇಳುವುದು ಅಲ್ಲಿ. ವೈವಾಕ್ಕೆ ಇಷ್ಟು ಸಾಕು. ಆದರೆ ನೀವು ಕೇಳಿದ್ದು ಅಂಕಕ್ಕಾಗಿ ಮಾತ್ರ ಅಲ್ಲ ಅನ್ನಿಸಿತು, ಅದಕ್ಕೇ ಮುಂದೆ ಬರೆಯುತ್ತೇನೆ.

1963ರಲ್ಲಿ ಅಮೆರಿಕದ ಟೆಲಿಟೈಪ್ ಕಂಪನಿ ಮಾಡೆಲ್ 33 ಎಂಬ ಯಂತ್ರ ತಂದಿತು. ಕೀಲಿಮಣೆ ಒಂದು, ಕಾಗದದ ಸುರುಳಿ ಒಂದು. ಪರದೆ ಇಲ್ಲ. ತಂತಿಯಲ್ಲಿ ಬಂದ ಅಕ್ಷರವನ್ನು ಕಾಗದದ ಮೇಲೆ ಹೊಡೆಯುತ್ತಿತ್ತು, ಒತ್ತಿದ ಅಕ್ಷರವನ್ನು ತಂತಿಗೆ ಕಳಿಸುತ್ತಿತ್ತು. ವೇಗ ಸೆಕೆಂಡಿಗೆ 10 ಅಕ್ಷರ, ಸಾಲಿಗೆ 72 ಅಕ್ಷರ, ಎಲ್ಲವೂ ದೊಡ್ಡಕ್ಷರ. ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಿಂದ, ಮುಂದೆ ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಕಟ್ಟಿದ ಕಾಲದಲ್ಲಿ ಕಂಪ್ಯೂಟರಿನ ಜೊತೆ ಮಾತಾಡಲು ಇದ್ದದ್ದು ಇಂಥ ಯಂತ್ರಗಳೇ. ಟಿಟಿವೈ ಎಂಬ ಮೂರು ಅಕ್ಷರ ಬಂದದ್ದು ಟೆಲಿಟೈಪ್ ಎಂಬ ಹೆಸರಿನಿಂದ.

ಆ ಕಾಲದಲ್ಲಿ ತಪ್ಪು ಹೊಡೆದರೆ ಏನು ಮಾಡುತ್ತಿದ್ದರು ಗೊತ್ತಾ? ಕಾಗದದ ಮೇಲೆ ಬಿದ್ದ ಅಕ್ಷರವನ್ನು ಅಳಿಸಲು ಆಗುವುದಿಲ್ಲ. ಹಾಗಾಗಿ # ಎಂದು ಹೊಡೆದರೆ ಹಿಂದಿನ ಒಂದು ಅಕ್ಷರ ರದ್ದು, @ ಎಂದು ಹೊಡೆದರೆ ಇಡೀ ಸಾಲು ರದ್ದು. ಕಾಗದದಲ್ಲಿ ಎಲ್ಲವೂ ಉಳಿಯುತ್ತಿತ್ತು. ಯುನಿಕ್ಸ್ ಮಾತ್ರ ಲೆಕ್ಕ ಹಾಕಿ ಸರಿಯಾದ ಸಾಲನ್ನು ಪ್ರೋಗ್ರಾಮಿಗೆ ಕೊಡುತ್ತಿತ್ತು. ಈ ಲೆಕ್ಕದ ಕೆಲಸವನ್ನು ಇವತ್ತೂ ಕರ್ನೆಲ್ ಒಳಗಿನ ಒಂದು ಭಾಗ ಮಾಡುತ್ತದೆ. ಅದರ ಹೆಸರು ಲೈನ್ ಡಿಸಿಪ್ಲಿನ್. ಪುಸ್ತಕದಲ್ಲಿ ಇದಕ್ಕೆ ಜಾಗವೇ ಕೊಟ್ಟಿರುವುದಿಲ್ಲ. ಟರ್ಮಿನಲ್ಲಿನ ಅರ್ಧ ನಡವಳಿಕೆ ಇರುವುದು ಇಲ್ಲಿ.

ನೀವೇ ನೋಡಿ. ಟರ್ಮಿನಲ್ ತೆರೆದು 'ಕ್ಯಾಟ್' ಅಂತ ಮಾತ್ರ ಹೊಡೆದು ಎಂಟರ್ ಒತ್ತಿ. ಈಗ ಒಂದು ಸಾಲು ಬರೆಯಿರಿ, ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಿ. ಎಂಟರ್ ಒತ್ತುವ ತನಕ ಕ್ಯಾಟ್ ಪ್ರೋಗ್ರಾಮಿಗೆ ಒಂದು ಅಕ್ಷರವೂ ತಲುಪಿಲ್ಲ. ಒತ್ತಿದ ತಕ್ಷಣ ಅದೇ ಸಾಲು ಎರಡನೇ ಸಲ ಬರುತ್ತದೆ. ಮೊದಲ ಸಲ ತೋರಿಸಿದ್ದು ಲೈನ್ ಡಿಸಿಪ್ಲಿನ್, ಎರಡನೇ ಸಲ ತೋರಿಸಿದ್ದು ಕ್ಯಾಟ್. ನೀವು ಒತ್ತಿದ ಅಕ್ಷರ ಪರದೆಗೆ ಬರುವುದು ಕೀಲಿಯಿಂದ ನೇರವಾಗಿ ಅಲ್ಲ. ಕೀಲಿಯಿಂದ ಒಳಗೆ ಹೋಗಿ, ಅಲ್ಲಿಂದ ವಾಪಸ್ ಬರುತ್ತದೆ.

ಕಂಟ್ರೋಲ್ ಕೀಲಿಯ ಲೆಕ್ಕವೂ ಆ ಕಾಲದ್ದು. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ದೊಡ್ಡ 'ಸಿ' ಅಕ್ಷರದ ಸಂಖ್ಯೆ 67. ಕಂಟ್ರೋಲ್ ಒತ್ತಿ ಹಿಡಿದರೆ ಅದರಿಂದ 64 ಕಳೆಯುತ್ತದೆ. ಉಳಿಯುವುದು 3. ಲೈನ್ ಡಿಸಿಪ್ಲಿನ್ 3 ಕಂಡ ಕೂಡಲೇ ಅದನ್ನು ಪ್ರೋಗ್ರಾಮಿಗೆ ಕೊಡುವ ಬದಲು 'ನಿಲ್ಲು' ಎಂಬ ಸಿಗ್ನಲ್ ಕಳಿಸುತ್ತದೆ. ಹಾಗೆಯೇ ಕಂಟ್ರೋಲ್-ಡಿ ಎಂದರೆ 4, ಬರೆಯುವುದು ಮುಗಿಯಿತು ಅಂತ. ಕಂಟ್ರೋಲ್-ಎಂ ಎಂದರೆ 13, ಅದು ಎಂಟರ್ ಕೀಲಿಯೇ. ಕಂಟ್ರೋಲ್-ಐ ಎಂದರೆ 9, ಟ್ಯಾಬ್. ಒಮ್ಮೆ ಒತ್ತಿ ನೋಡಿ.

ಕಾಗದ ಹೋಗಿ ಗಾಜಿನ ಪರದೆ ಬಂದದ್ದು ಆಮೇಲೆ. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವಿಟಿ100 ಬಂತು. 24 ಸಾಲು, ಸಾಲಿಗೆ 80 ಅಕ್ಷರ. ಈ 80 ಬಂದದ್ದು ತೂತು ಹೊಡೆದು ಲೆಕ್ಕ ಬರೆಯುತ್ತಿದ್ದ ಪಂಚ್ ಕಾರ್ಡಿನಿಂದ. 1928ರಿಂದ ಐಬಿಎಂ ಕಾರ್ಡಿನಲ್ಲಿ ತೂತುಗಳ 80 ಕಂಬಸಾಲು ಇರುತ್ತಿದ್ದವು. ಪರದೆ ಬಂದ ಮೇಲೆ ಹೊಸ ಬೇಡಿಕೆಗಳೂ ಬಂದವು. ಕರ್ಸರ್ ಮೇಲೆ ಹೋಗಬೇಕು, ಪರದೆ ಒರೆಸಬೇಕು. ಇದ್ದದ್ದು ಒಂದೇ ತಂತಿ, ಅದರಲ್ಲಿ ಹೋಗುವುದು ಅಕ್ಷರ ಮಾತ್ರ. ಹಾಗಾಗಿ 27ನೇ ಸಂಖ್ಯೆಯ ಎಸ್ಕೇಪ್ ಅಕ್ಷರ ಬಂದರೆ ಅದರ ಹಿಂದೆ ಬರುವುದು ಅಪ್ಪಣೆ, ಬರಹ ಅಲ್ಲ ಎಂದು ಮಾಡಿಕೊಂಡರು. ಎಸ್ಕೇಪ್ ಆದ ಮೇಲೆ ಚೌಕ ಆವರಣ, 2, ದೊಡ್ಡ 'ಜೆ' ಬಂದರೆ ಪರದೆ ಖಾಲಿ. ಇವತ್ತಿನ ಟರ್ಮಿನಲ್ ಕಿಟಕಿಗಳು ಈಗಲೂ ಇದೇ ಅಪ್ಪಣೆಗಳನ್ನು ಪಾಲಿಸುತ್ತವೆ.

1990ರ ದಶಕದಲ್ಲಿ ನಾನು ಮೈಸೂರಿನಲ್ಲಿ ಓದುವಾಗ ಲ್ಯಾಬಿನಲ್ಲಿ ಯುನಿಕ್ಸ್ ಯಂತ್ರ ಇದ್ದದ್ದು ಒಂದೇ. ಗೋಡೆ ಉದ್ದಕ್ಕೂ ಹಸಿರು ಅಕ್ಷರದ ಟರ್ಮಿನಲ್ಲುಗಳು, ಪ್ರತಿಯೊಂದರಿಂದ ಆ ಯಂತ್ರಕ್ಕೆ ಒಂದೊಂದು ತಂತಿ. ತಂತಿಯನ್ನು ಕಣ್ಣಾರೆ ನೋಡಿದ್ದರಿಂದ ನನಗೆ ಇದು ಬೇಗ ಅರ್ಥವಾಯಿತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ತಂತಿ ಇಲ್ಲ. ನೀವು ತೆರೆಯುವ ಟರ್ಮಿನಲ್ ಕಿಟಕಿ ವಿಟಿ100 ಥರ ನಡೆದುಕೊಳ್ಳುವ ಪ್ರೋಗ್ರಾಮು. ತಂತಿಯ ಜಾಗದಲ್ಲಿ ಕರ್ನೆಲ್ ಒಂದು ಜೋಡಿ ಬಾಗಿಲು ಕೊಡುತ್ತದೆ. ಒಂದು ಬಾಗಿಲಲ್ಲಿ ಕಿಟಕಿ, ಇನ್ನೊಂದರಲ್ಲಿ ಶೆಲ್. ಇದಕ್ಕೆ ಸೂಡೋ ಟರ್ಮಿನಲ್ ಅನ್ನುತ್ತಾರೆ.

ಎರಡು ಟರ್ಮಿನಲ್ ಕಿಟಕಿ ತೆರೆಯಿರಿ. ಎರಡರಲ್ಲೂ 'ಟಿಟಿವೈ' ಎಂದು ಹೊಡೆಯಿರಿ. ಒಂದರಲ್ಲಿ ಡೆವ್ ಪಿಟಿಎಸ್ 0, ಇನ್ನೊಂದರಲ್ಲಿ ಡೆವ್ ಪಿಟಿಎಸ್ 1 ಎಂಬ ಥರದ ಹೆಸರು ಬರುತ್ತದೆ. ಮೊದಲನೆಯದರಲ್ಲಿ 'ಎಕೋ' ಎಂದು ಹೊಡೆದು ಒಂದು ಪದ ಬರೆದು, > ಗುರುತು ಹಾಕಿ, ಎರಡನೆಯದರ ಪೂರ್ತಿ ಹೆಸರನ್ನು ಅಲ್ಲಿ ತೋರಿಸಿದ ಹಾಗೇ ಕೊಡಿ. ನಿಮ್ಮ ಪದ ಎರಡನೇ ಕಿಟಕಿಯಲ್ಲಿ ಮೂಡುತ್ತದೆ. ವೈವಾದಲ್ಲಿ ಇದನ್ನು ಮಾಡಿ ತೋರಿಸಿ.

ಪ್ರಶ್ನೆ: ಆಂಟಿ, ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿ ಕೂಡ ಬರುವುದಿಲ್ಲ. ನಮ್ಮ ಕೀಬೋರ್ಡ್ ಹಾಳಾಗಿದೆಯಾ?
– ಒಂಬತ್ತನೇ ತರಗತಿ, ಮೂರ್ನಾಡು

ಉತ್ತರ: ಇಲ್ಲ ಮರಿ, ಚೆನ್ನಾಗಿಯೇ ಇದೆ. ಮೇಲಿನ ಉತ್ತರದಲ್ಲಿ ಅಕ್ಷರ ಒಳಗೆ ಹೋಗಿ ವಾಪಸ್ ಬರುತ್ತದೆ ಅಂದೆನಲ್ಲ, ಪಾಸ್‌ವರ್ಡ್ ಕೇಳುವ ಪ್ರೋಗ್ರಾಮು ಆ ವಾಪಸ್ ಕಳಿಸುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿರುತ್ತದೆ. ಚುಕ್ಕಿಯೂ ಬಾರದ ಕಾರಣ ಪಕ್ಕದಲ್ಲಿ ನಿಂತವರಿಗೆ ನಿನ್ನ ಪಾಸ್‌ವರ್ಡ್ ಎಷ್ಟು ಉದ್ದ ಎನ್ನುವುದೂ ತಿಳಿಯುವುದಿಲ್ಲ. ಧೈರ್ಯವಾಗಿ ಹೊಡೆದು ಎಂಟರ್ ಒತ್ತು.

ಪ್ರಶ್ನೆ: ಟರ್ಮಿನಲ್ಲಿನಲ್ಲಿ ಫೈಲ್ ಎಡಿಟ್ ಮಾಡುತ್ತಾ ಸೇವ್ ಮಾಡಲು ಅಭ್ಯಾಸಬಲದಿಂದ ಕಂಟ್ರೋಲ್-ಎಸ್ ಒತ್ತಿದೆ. ಎಲ್ಲ ನಿಂತುಹೋಯಿತು. ಯಾವ ಕೀಲಿ ಒತ್ತಿದರೂ ಏನೂ ಆಗಲಿಲ್ಲ. ಕೊನೆಗೆ ಪವರ್ ಬಟನ್ ಒತ್ತಿ ಆಫ್ ಮಾಡಿದೆ, ಬರೆದದ್ದು ಹೋಯಿತು. ಇದೇನು ದೋಷ?
– ಫೋಟೋ ಸ್ಟುಡಿಯೋ ನಡೆಸುವವರು, ವಿರಾಜಪೇಟೆ

ಉತ್ತರ: ದೋಷ ಅಲ್ಲ. ಇನ್ನು ಮುಂದೆ ಹೀಗಾದರೆ ಕಂಟ್ರೋಲ್-ಕ್ಯೂ ಒತ್ತಿ, ಎಲ್ಲ ಮತ್ತೆ ಓಡುತ್ತದೆ. ನಿಂತಾಗ ಹೊಡೆದ ಅಕ್ಷರಗಳೂ ಕಳೆದಿರುವುದಿಲ್ಲ, ಒಟ್ಟಿಗೆ ಬಂದುಬಿಡುತ್ತವೆ. ಹಾಗಾಗಿ ನಿಂತಾಗ ಸಿಕ್ಕಿದ ಕೀಲಿ ಒತ್ತಬೇಡಿ.

ಕಂಟ್ರೋಲ್-ಎಸ್ ಎಂದರೆ 19, ಕಂಟ್ರೋಲ್-ಕ್ಯೂ ಎಂದರೆ 17. ಟೆಲಿಟೈಪಿನಲ್ಲಿ ತೂತು ಹೊಡೆದ ಕಾಗದದ ಪಟ್ಟಿ ಓದುವ ಭಾಗ ಇರುತ್ತಿತ್ತು. ಅದನ್ನು 19 ನಿಲ್ಲಿಸುತ್ತಿತ್ತು, 17 ಓಡಿಸುತ್ತಿತ್ತು. ಮುಂದೆ ಪರದೆಗಳು ಬಂದಾಗ, ಬರಹ ಸರಸರ ಓಡುತ್ತಿದ್ದರೆ ತಡೆದು ಓದಲು ಅದೇ ಎರಡು ಸಂಖ್ಯೆ ಉಪಯೋಗಕ್ಕೆ ಬಂದವು. ಈಗ ಕಿಟಕಿಯಲ್ಲಿ ಮೇಲೆ ಸ್ಕ್ರೋಲ್ ಮಾಡಬಹುದು, ಹಾಗಾಗಿ ಇದು ಅಷ್ಟೇನೂ ಬೇಕಾಗಿಲ್ಲ. 'ಎಸ್‌ಟಿಟಿವೈ', ಖಾಲಿ ಜಾಗ, ಹೈಫನ್, 'ಇಕ್ಸಾನ್' ಎಂಬ ಕಮಾಂಡ್ ಇದನ್ನು ಆಫ್ ಮಾಡುತ್ತದೆ. ಇಕ್ಸಾನ್ ಬರೆಯುವುದು ಐ, ಎಕ್ಸ್, ಓ, ಎನ್. ಹೊಸಬರಿಗೆ ಕಲಿಸುವ ಕಂಪ್ಯೂಟರುಗಳಲ್ಲಿ ನಾನು ಇದನ್ನು ಮೊದಲೇ ಹಾಕಿಡುತ್ತೇನೆ. ಬರೆದದ್ದು ಹೋದಾಗ ಆಗುವ ಬೇಜಾರು ಎಂಥದ್ದು ಅಂತ ನನಗೆ ಗೊತ್ತು.

ಇದರ ಜೊತೆಗೇ ಇನ್ನೊಂದು ವಿಷಯ. ಫೋಟೋ ಫೈಲನ್ನು ಕ್ಯಾಟ್ ಮಾಡಿದರೆ ಪರದೆ ತುಂಬ ಗೆರೆ, ವಿಚಿತ್ರ ಗುರುತು ಬಂದು ಆಮೇಲೆ ನೀವು ಹೊಡೆದದ್ದೂ ಹಾಗೇ ಕಾಣಬಹುದು. ಫೋಟೋದೊಳಗಿನ ಯಾವುದೋ ಬೈಟನ್ನು ಟರ್ಮಿನಲ್ ಅಪ್ಪಣೆ ಅಂತ ತಿಳಿದಿರುತ್ತದೆ. ಕಣ್ಣು ಮುಚ್ಚಿ 'ರೀಸೆಟ್' ಎಂದು ಹೊಡೆದು ಎಂಟರ್ ಒತ್ತಿ. ಸರಿಹೋಗುತ್ತದೆ.

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡುತ್ತೇನೆ. ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರಿಗೆ ನೆಟ್ ಮೂಲಕ ಟರ್ಮಿನಲ್ ಜೋಡಿಸುವ ಪ್ರೋಗ್ರಾಮು) ಕಂಪನಿಯ ಸರ್ವರಿಗೆ ಹೋಗಿ ಗಂಟೆಗಟ್ಟಲೆ ಓಡುವ ಪ್ರೋಗ್ರಾಮು ಹಾಕುತ್ತೇನೆ. ಜುಲೈ, ಆಗಸ್ಟಿನಲ್ಲಿ ಇಲ್ಲಿಯ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ. ಲೈನ್ ಕಟ್ ಆದರೆ ಅಲ್ಲಿ ಓಡುತ್ತಿದ್ದ ಕೆಲಸವೂ ಸಾಯುತ್ತದೆ. ಸರ್ವರಿಗೆ ಕರೆಂಟ್ ಇದೆ, ನೆಟ್ ಇದೆ. ಇಲ್ಲಿಯ ಮಳೆಗೆ ಅಲ್ಲಿಯ ಕೆಲಸ ಯಾಕೆ ಸಾಯಬೇಕು?
– ಸಾಫ್ಟ್‌ವೇರ್ ಉದ್ಯೋಗಿ, ಗೋಣಿಕೊಪ್ಪ

ಉತ್ತರ: ನೀವು ಕೇಳಿದ ರೀತಿ ಸರಿಯಾಗಿದೆ. ಸಾಯುವ ಅಗತ್ಯ ಇಲ್ಲ.

ಟರ್ಮಿನಲ್ಲುಗಳು ಮೋಡೆಮ್ ಮೂಲಕ ಟೆಲಿಫೋನ್ ಲೈನಿನಲ್ಲಿ ಕೂರುತ್ತಿದ್ದ ಕಾಲದಲ್ಲಿ, ಲೈನ್ ಕಟ್ ಆದರೆ ಬಳಸುವವನು ಎದ್ದು ಹೋದ ಎಂದೇ ಲೆಕ್ಕ. ಯಂತ್ರ ದುಬಾರಿ, ಎಲ್ಲರೂ ಹಂಚಿಕೊಂಡು ಬಳಸುವಂಥದ್ದು. ಹಾಗಾಗಿ ಕರ್ನೆಲ್ ಆ ಟರ್ಮಿನಲ್ಲಿಗೆ ಸೇರಿದ ಪ್ರೋಗ್ರಾಮುಗಳಿಗೆ ಹ್ಯಾಂಗಪ್ ಎಂಬ ಸಿಗ್ನಲ್ ಕಳಿಸಿ ಮುಗಿಸಿಬಿಡುತ್ತಿತ್ತು. ಸಿಗ್ನಲ್ಲುಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1. ಇವತ್ತು ನಿಮ್ಮ ಎಸ್‌ಎಸ್‌ಎಚ್ ಸಂಪರ್ಕ ಹೋಗಿದೆ ಎಂದು ಸರ್ವರಿಗೆ ತಿಳಿದಾಗ ಅದು ಸೂಡೋ ಟರ್ಮಿನಲ್ಲಿನ ತನ್ನ ಕಡೆಯ ಬಾಗಿಲು ಮುಚ್ಚುತ್ತದೆ. ಆಗ ಅದೇ ಹಳೆಯ ಸಿಗ್ನಲ್ ಹೋಗುತ್ತದೆ.

ಇದಕ್ಕೆ ಟಿಮಕ್ಸ್ (tmux) ಎಂಬ ಪ್ರೋಗ್ರಾಮು ಇದೆ, 2007ರಿಂದ ಬಳಕೆಯಲ್ಲಿದೆ. ಅದು ಸರ್ವರಿನಲ್ಲೇ ಕೂತು ತಾನೇ ಒಂದು ಟರ್ಮಿನಲ್ ಆಗುತ್ತದೆ. ನಿಮ್ಮ ಪ್ರೋಗ್ರಾಮು ಟಿಮಕ್ಸಿನ ಬಾಗಿಲಿಗೆ ಅಂಟಿಕೊಂಡಿರುತ್ತದೆ, ನಿಮ್ಮ ಎಸ್‌ಎಸ್‌ಎಚ್‌ಗೆ ಅಲ್ಲ. ಲೈನ್ ಹೋದರೂ ಆ ಬಾಗಿಲು ಮುಚ್ಚುವುದಿಲ್ಲ. ಸರ್ವರಿಗೆ ಹೋದ ಮೇಲೆ 'ಟಿಮಕ್ಸ್' ಎಂದು ಹೊಡೆದು, ಅದರೊಳಗೆ ಕೆಲಸ ಶುರು ಮಾಡಿ. ನೆಟ್ ಬಂದಾಗ ಮತ್ತೆ ಲಾಗಿನ್ ಆಗಿ 'ಟಿಮಕ್ಸ್ ಅಟ್ಯಾಚ್' ಹೊಡೆದರೆ ಬಿಟ್ಟ ಜಾಗ ಸಿಗುತ್ತದೆ. ಬೇಕೆಂದೇ ಬಿಟ್ಟು ಬರಲು ಕಂಟ್ರೋಲ್-ಬಿ, ಆಮೇಲೆ 'ಡಿ'. ನೆನಪಿಡಿ, ಟಿಮಕ್ಸ್ ಓಡಬೇಕಾದದ್ದು ಸರ್ವರಿನಲ್ಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ಅದರೊಳಗಿಂದ ಎಸ್‌ಎಸ್‌ಎಚ್ ಮಾಡಿದರೆ ಏನೂ ಉಪಯೋಗ ಇಲ್ಲ.

ಹೊಡೆದ ಅಕ್ಷರ ಎರಡು ಸೆಕೆಂಡ್ ಬಿಟ್ಟು ಕಾಣುತ್ತದೆ ಅಂತಲೂ ನಿಮ್ಮ ಪತ್ರದಲ್ಲಿದೆ. ಅಕ್ಷರ ಸರ್ವರಿನ ತನಕ ಹೋಗಿ ವಾಪಸ್ ಬರಬೇಕಲ್ಲ, ಅದಕ್ಕೇ ತಡ. 2012ರಲ್ಲಿ ಬಂದ ಮಾಶ್ (mosh) ಎಂಬ ಪ್ರೋಗ್ರಾಮು, ಸರ್ವರ್ ಏನು ವಾಪಸ್ ಕಳಿಸಬಹುದು ಎಂದು ಊಹಿಸಿ ಅಕ್ಷರವನ್ನು ಇಲ್ಲೇ ತೋರಿಸುತ್ತದೆ, ಉತ್ತರ ಬಂದ ಮೇಲೆ ತಾಳೆ ನೋಡುತ್ತದೆ. ವೈಫೈ ಹೋಗಿ ಮೊಬೈಲ್ ಡೇಟಾಕ್ಕೆ ಬದಲಾದರೂ ಸಂಪರ್ಕ ಬಿಡುವುದಿಲ್ಲ. ಆದರೆ ಅದು ಸರ್ವರಿನಲ್ಲೂ ಇರಬೇಕು, ಅದು ಬಳಸುವ ಯುಡಿಪಿ ಪೋರ್ಟು ಎಂಬ ನೆಟ್‌ವರ್ಕ್ ದಾರಿಗಳೂ ತೆರೆದಿರಬೇಕು. ಕಂಪನಿಯವರನ್ನು ಕೇಳಿ. ಮಾಶ್, ಟಿಮಕ್ಸ್ ಎರಡೂ ಇದ್ದರೆ ನಮ್ಮ ಜಿಲ್ಲೆಯ ಮಳೆಗಾಲದಲ್ಲೂ ನೆಮ್ಮದಿಯಿಂದ ಕೆಲಸ ಮಾಡಬಹುದು.

ಪ್ರಶ್ನೆ: ಶಾಲೆಯ ಫೈಲುಗಳಿಗೆಲ್ಲ ಕನ್ನಡದಲ್ಲೇ ಹೆಸರಿಡುತ್ತೇನೆ. ಫೋಲ್ಡರ್ ಕಿಟಕಿಯಲ್ಲಿ ಸರಿಯಾಗಿ ಕಾಣುತ್ತವೆ. ಟರ್ಮಿನಲ್ಲಿನಲ್ಲಿ ಒತ್ತಕ್ಷರ ಒಡೆದು, ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಕೆಲವು ಸಲ ಉದ್ದ ಹೆಸರು ಕೊಟ್ಟರೆ ಸೇವ್ ಆಗುವುದೇ ಇಲ್ಲ. ಕನ್ನಡಕ್ಕೆ ಯಾಕೆ ಈ ಪಾಡು?
– ಪ್ರೌಢಶಾಲಾ ಶಿಕ್ಷಕರು, ಕುಶಾಲನಗರ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಹೆಸರುಗಳನ್ನು ಕನ್ನಡದಲ್ಲೇ ಇಡುವುದನ್ನು ದಯವಿಟ್ಟು ಬಿಡಬೇಡಿ.

ಮೊದಲು ಧೈರ್ಯದ ಮಾತು: ಡಿಸ್ಕಿನಲ್ಲಿ ಹೆಸರು ಕೆಟ್ಟಿಲ್ಲ. ಲಿನಕ್ಸ್ ಕರ್ನೆಲ್ಲಿಗೆ ಫೈಲಿನ ಹೆಸರು ಬೈಟುಗಳ ಒಂದು ಸಾಲು, ಅದು ಯಾವ ಭಾಷೆ ಎಂದು ನೋಡುವುದೇ ಇಲ್ಲ. ಆ ಸಾಲು 255 ಬೈಟು ಮೀರಬಾರದು ಅಷ್ಟೇ. ನಿಮ್ಮ ಉದ್ದ ಹೆಸರು ಸೇವ್ ಆಗದಿರುವುದು ಇದರಿಂದ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. 255ನ್ನು ಮೂರರಿಂದ ಭಾಗಿಸಿದರೆ 85. ಗುಣಿತದ ಚಿಹ್ನೆ, ಒತ್ತಿಗೆ ಬರುವ ವಿರಾಮ, ಅಂದರೆ ಅರ್ಧಾಕ್ಷರ ಮಾಡುವ ಗುರುತು, ಎಲ್ಲ ಇದರಲ್ಲೇ ಎಣಿಕೆಯಾಗುತ್ತವೆ. 'ಸ್ತ್ರೀ' ನಮಗೆ ಒಂದು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಹೀಗೆ ಆರು ಚಿಹ್ನೆ, 18 ಬೈಟು. ಹಾಗಾಗಿ ಹೆಸರು ಚಿಕ್ಕದಿರಲಿ, ತರಗತಿ ಮತ್ತು ವರ್ಷವನ್ನು ಫೋಲ್ಡರಿಗೆ ಕೊಡಿ.

ಇನ್ನು ಒಡೆಯುವ ವಿಷಯ. ಟರ್ಮಿನಲ್ ಪರದೆ ಅಂದರೆ ಚೌಕಗಳ ಹಾಳೆ. ಪ್ರತಿ ಚೌಕದಲ್ಲಿ ಒಂದು ಅಕ್ಷರ, ಎಲ್ಲ ಚೌಕವೂ ಒಂದೇ ಅಗಲ. ಹಳೆಯ ಪಿಸಿಯ ಅಕ್ಷರದ ಪರದೆ 25 ಸಾಲು, ಸಾಲಿಗೆ 80 ಚೌಕ. ಒಂದು ಚೌಕಕ್ಕೆ ಎರಡೇ ಬೈಟು, ಒಂದರಲ್ಲಿ ಯಾವ ಅಕ್ಷರ, ಇನ್ನೊಂದರಲ್ಲಿ ಯಾವ ಬಣ್ಣ. ಇಡೀ ಪರದೆಗೆ 4,000 ಬೈಟು ಸಾಕಾಗುತ್ತಿತ್ತು. ಅಕ್ಷರದ ಸಂಖ್ಯೆಗೆ ಒಂದು ಬೈಟು ಎಂದಮೇಲೆ 256 ಆಕಾರ ಮಾತ್ರ. ಬಣ್ಣದ ಬೈಟಿನಿಂದ ಒಂದು ಬಿಟ್ ಕಡ ತೆಗೆದರೆ 512. ಲಿನಕ್ಸಿನ ಮೂಲ ಕಪ್ಪು ಪರದೆಯಲ್ಲಿ ಫಾಂಟಿಗೆ ಇವತ್ತಿಗೂ ಇದೇ 512ರ ಮಿತಿ. ನಮ್ಮ ಕಾಗುಣಿತ, ಒತ್ತು ಎಲ್ಲ ಇದರೊಳಗೆ ಹಿಡಿಯುವುದಿಲ್ಲ. ಹಿಡಿದರೂ ಅವನ್ನು ಜೋಡಿಸುವ ಬುದ್ಧಿ ಆ ಪರದೆಗೆ ಇಲ್ಲ. ಆದ್ದರಿಂದ ಕಂಟ್ರೋಲ್, ಆಲ್ಟ್ ಜೊತೆ ಎಫ್3 ಒತ್ತಿದರೆ ಬರುವ ಪರದೆಯಲ್ಲಿ ಕನ್ನಡ ಓದಲು ಆಗುವುದಿಲ್ಲ.

ಕಿಟಕಿಯಲ್ಲಿ ತೆರೆಯುವ ಟರ್ಮಿನಲ್ಲಿಗೆ ಫಾಂಟಿನ ಮಿತಿ ಇಲ್ಲ. ಚೌಕದ ಲೆಕ್ಕ ಮಾತ್ರ ಉಳಿದಿದೆ. 'ಮಡಿಕೇರಿ' ತೆಗೆದುಕೊಳ್ಳಿ. ನಮಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಏಳು ಚಿಹ್ನೆ. ಹಲವು ಟರ್ಮಿನಲ್ಲುಗಳ ಲೆಕ್ಕದಲ್ಲಿ ಐದು ಚೌಕ, ಯಾಕೆಂದರೆ ಅವು 'ಡಿ', 'ರಿ' ಗುಣಿತಕ್ಕೆ ಚೌಕ ಕೊಡುವುದಿಲ್ಲ, 'ಕೇ' ಗುಣಿತಕ್ಕೆ ಒಂದು ಕೊಡುತ್ತವೆ. ಅಕ್ಷರ ಬಿಡಿಸುವವರದು ಒಂದು ಲೆಕ್ಕ, ಕರ್ಸರ್ ಇಡುವವರದು ಇನ್ನೊಂದು. ಇವು ತಾಳೆಯಾಗದಿದ್ದಾಗ ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಫೋಲ್ಡರ್ ಕಿಟಕಿಯಲ್ಲಿ ಚೌಕಗಳೇ ಇಲ್ಲ. ಅಲ್ಲಿ ಹಾರ್ಫ್‌ಬಝ್ ಎಂಬ ಭಾಗ ಪೂರ್ತಿ ಪದ ನೋಡಿ, ಒತ್ತು ಎಲ್ಲಿ ಕೂರಬೇಕು ಎಂದು ತೀರ್ಮಾನಿಸಿ ಬಿಡಿಸುತ್ತದೆ.

ಇದು ಆಗದ ಕೆಲಸವೇನಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಇತ್ತು. ಅದನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್ ಕಾಲದ ಅಕ್ಷರದ ಪರದೆಯಲ್ಲೇ ಭಾರತದ ಲಿಪಿಗಳು ಮೂಡುತ್ತಿದ್ದವು. ಜಿಸ್ಟ್ ಟರ್ಮಿನಲ್ಲುಗಳೂ ಇದ್ದವು. ಭಾರತೀಯ ಲಿಪಿಗಳಿಗಾಗಿ ಮಾಡಿದ ಇಸ್ಕಿ ಸಂಕೇತಪಟ್ಟಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅಷ್ಟು ಸಣ್ಣ ಯಂತ್ರಗಳಲ್ಲಿ ಸಾಧ್ಯವಾದದ್ದು ಇವತ್ತು ಸಾಧ್ಯವಾಗದೆ ಉಳಿದಿದೆ ಎಂದರೆ, ಟರ್ಮಿನಲ್ ಬರೆಯುವವರಲ್ಲಿ ನಮ್ಮ ಲಿಪಿ ಓದುವವರು ಕಡಿಮೆ ಇದ್ದಾರೆ ಅಂತ ನಾನು ತಿಳಿಯುತ್ತೇನೆ. ನಿಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ಮುಂದೆ ಈ ಕೆಲಸ ಹಿಡಿದರೆ ಬಹಳ ಸಂತೋಷ. ಟರ್ಮಿನಲ್ ಪ್ರೋಗ್ರಾಮುಗಳ ಮೂಲ ಕೋಡ್ ತೆರೆದೇ ಇದೆ. ಯಾವ ಪದ ಹೇಗೆ ಒಡೆಯುತ್ತದೆ ಎಂದು ಚಿತ್ರದ ಸಮೇತ ವರದಿ ಮಾಡುವುದೂ ದೊಡ್ಡ ಸಹಾಯವೇ.

ಸದ್ಯಕ್ಕೆ ಏನು ಮಾಡಬಹುದು? ಬೇರೆ ಬೇರೆ ಟರ್ಮಿನಲ್ ಹಾಕಿ ನೋಡಿ. ಕಾನ್ಸೋಲ್ (Konsole) ಎಂಬ ಕೆಡಿಇ ಟರ್ಮಿನಲ್ಲಿನಿಂದ ಶುರು ಮಾಡಿ. ಹೆಸರು ಒಡೆದು ಕಂಡರೂ ಮೊದಲ ಒಂದೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನಾಗಿ ತುಂಬುತ್ತದೆ, ಕಮಾಂಡೂ ಸರಿಯಾಗಿಯೇ ನಡೆಯುತ್ತದೆ. ಅಕ್ಷರದ ಬದಲು 340, 262 ಎಂಬಂಥ ಅಂಕೆಗಳು ಬಂದರೆ ತೊಂದರೆ ಬೇರೆ. ಅವು ಕನ್ನಡದ ಬೈಟುಗಳೇ, ಎಂಟರ ಲೆಕ್ಕದಲ್ಲಿ ಬರೆದದ್ದು. 'ಲೊಕ್ಯಾಲ್' (locale) ಎಂದು ಹೊಡೆದು ಅಲ್ಲಿ ಯುಟಿಎಫ್-8, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ, ಇದೆಯಾ ನೋಡಿ. ಇಲ್ಲದಿದ್ದರೆ ಭಾಷೆಯ ಸೆಟ್ಟಿಂಗಿನಲ್ಲಿ ಹಾಕಬೇಕು.

ಪ್ರಶ್ನೆ: ಉಬುಂಟು 24.04 ಹಾಕಿಕೊಂಡ ಮೇಲೆ, ದೂರದಿಂದ ನನ್ನ ಪರದೆ ನೋಡಿ ಸಹಾಯ ಮಾಡುತ್ತಿದ್ದ ಅಣ್ಣನಿಗೆ ಕಪ್ಪು ಮಾತ್ರ ಕಾಣುತ್ತದಂತೆ. ನನಗೆ ಎಲ್ಲ ಸರಿಯಾಗಿ ಕಾಣುತ್ತದೆ.
– ಗೃಹಿಣಿ, ಸುಂಟಿಕೊಪ್ಪ

ಉತ್ತರ: ಚಿತ್ರದ ಪರದೆ ಅಕ್ಷರದ ಪರದೆಗಿಂತ ಬಹಳ ಭಾರದ ಕೆಲಸ. ನಿಮ್ಮ ಲ್ಯಾಪ್‌ಟಾಪ್ ಪರದೆ 1366 ಅಡ್ಡ, 768 ಉದ್ದ ಎಂದಿಟ್ಟುಕೊಂಡರೆ ಹತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ. ಚುಕ್ಕಿಗೆ ನಾಲ್ಕು ಬೈಟಿನಂತೆ ಒಂದು ಪರದೆಗೆ ಸುಮಾರು 42 ಲಕ್ಷ ಬೈಟು. ಇದನ್ನು ಸೆಕೆಂಡಿಗೆ 60 ಸಲ ಪರದೆಗೆ ಕಳಿಸಬೇಕು. ಯಾವ ಕಿಟಕಿ ಮುಂದೆ, ಯಾವುದು ಹಿಂದೆ ಎಂದು ನೋಡಿ ಈ ಚುಕ್ಕಿಗಳನ್ನು ಒಟ್ಟುಗೂಡಿಸಲು ಒಬ್ಬ ಮೇಸ್ತ್ರಿ ಬೇಕು.

ಎಂಐಟಿಯಲ್ಲಿ 1984ರಲ್ಲಿ ಶುರುವಾದ ಎಕ್ಸ್ ಎಂಬ ವ್ಯವಸ್ಥೆ ಬಹಳ ಕಾಲ ಈ ಕೆಲಸ ಮಾಡಿತು. ಅದರ 11ನೇ ಆವೃತ್ತಿ 1987ರದು. ಆಗ ಒಂದು ಪ್ರೋಗ್ರಾಮನ್ನು ಇನ್ನೊಂದು ಸಂಶಯದಿಂದ ನೋಡುವ ಪದ್ಧತಿ ಇರಲಿಲ್ಲ. ಎಕ್ಸ್‌ನಲ್ಲಿ ಯಾವ ಪ್ರೋಗ್ರಾಮು ಬೇಕಾದರೂ ಇಡೀ ಪರದೆ ನೋಡಬಹುದು, ನೀವು ಬೇರೆ ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನೂ ಕೇಳಿಸಿಕೊಳ್ಳಬಹುದು. 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಶುರು ಮಾಡಿದ ವೇಲ್ಯಾಂಡ್ ಇದನ್ನು ತಡೆಯುತ್ತದೆ, ನಿಮ್ಮ ಉಬುಂಟು ಈಗ ನಡೆಯುವುದು ಅದರಲ್ಲೇ. ಪ್ರತಿ ಪ್ರೋಗ್ರಾಮಿಗೆ ತನ್ನ ಕಿಟಕಿ ಮಾತ್ರ. ಪರದೆ ಹಂಚಿಕೊಳ್ಳಬೇಕಾದರೆ ನಿಮ್ಮ ಅನುಮತಿ ಕೇಳಬೇಕು. ಅಣ್ಣ ಬಳಸುವ ಹಳೆಯ ಪ್ರೋಗ್ರಾಮಿಗೆ ಹೀಗೆ ಕೇಳಲು ಬರುವುದಿಲ್ಲ, ಅದಕ್ಕೇ ಅವರಿಗೆ ಕಪ್ಪು.

ಆ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿ ನೋಡಿ. ಆಗದಿದ್ದರೆ ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರು ಒತ್ತಿದ ಮೇಲೆ ಕೆಳಗೆ ಬರುವ ಗೇರ್ ಚಿಹ್ನೆಯಲ್ಲಿ 'ಉಬುಂಟು ಆನ್ ಕ್ಸಾರ್ಗ್' ಆರಿಸಿ, ಅಂದರೆ ಹಳೆಯ ಎಕ್ಸ್. ಉಬುಂಟು 25.10ರಿಂದ ಈ ಆಯ್ಕೆ ತೆಗೆದಿದ್ದಾರೆ, ಹಾಗಾಗಿ ಹೊಸ ಪ್ರೋಗ್ರಾಮು ಹುಡುಕಿಕೊಳ್ಳುವುದೇ ಒಳ್ಳೆಯದು. ಬ್ಯಾಂಕ್ ಪಾಸ್‌ವರ್ಡ್ ಹೊಡೆಯುವ ಕಂಪ್ಯೂಟರಿನಲ್ಲಿ ನಾನಂತೂ ವೇಲ್ಯಾಂಡನ್ನೇ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಮಳೆ ಅಳೆಯಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿದ್ದೇನೆ. ಮಾನಿಟರ್ ಇಲ್ಲ, ವೈಫೈಯಲ್ಲೇ ನೋಡುತ್ತಿದ್ದೆ. ವೈಫೈಗೆ ಅದು ಸಿಗುತ್ತಿಲ್ಲ. ಬಿಚ್ಚಿ ಮನೆಗೆ ತರದೆ ಒಳಗೆ ಏನಾಗಿದೆ ನೋಡಬಹುದಾ?
– ಬೆಳೆಗಾರರು, ಭಾಗಮಂಡಲ

ಉತ್ತರ: ನೋಡಬಹುದು. ನಾನು ಮೈಸೂರಿನ ಲ್ಯಾಬಿನಲ್ಲಿ ನೋಡಿದಂಥ ಸೀರಿಯಲ್ ತಂತಿ ನಿಮ್ಮ ಪೈಯಲ್ಲಿ ಈಗಲೂ ಇದೆ. ಯುಎಸ್‌ಬಿಯಿಂದ ಸೀರಿಯಲ್ಲಿಗೆ ಬದಲಿಸುವ ಕೇಬಲ್ ತೆಗೆದುಕೊಳ್ಳಿ. 3.3 ವೋಲ್ಟಿನದೇ ಕೇಳಿ, 5 ವೋಲ್ಟಿನದು ಪೈಯನ್ನು ಸುಡಬಹುದು. ಮೊದಲು ಗ್ರೌಂಡ್ ವೈರನ್ನು ಪೈಯ ಗ್ರೌಂಡಿಗೆ ಹಾಕಿ. ಕೇಬಲ್ಲಿನ ಕಳಿಸುವ ವೈರು ಪೈಯ ಜಿಪಿಐಒ 15 ಎಂಬ ಹೆಸರಿನ ಪಿನ್ನಿಗೆ, ತೆಗೆದುಕೊಳ್ಳುವ ವೈರು ಜಿಪಿಐಒ 14ಕ್ಕೆ. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ಪೈಗೆ ಬೇರೆ ಪವರ್ ಇರುವಾಗ ಕೇಬಲ್ಲಿನ ಕೆಂಪು ವೈರು ಹಾಕಬೇಡಿ.

ಸೀರಿಯಲ್ ಆನ್ ಆಗಿರಬೇಕು. ಇಲ್ಲದಿದ್ದರೆ ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿ, ಬೂಟ್ ಭಾಗದಲ್ಲಿರುವ ಕಾನ್ಫಿಗ್ ಫೈಲಿನಲ್ಲಿ ಎನೇಬಲ್ ಯುಎಆರ್‌ಟಿ 1 (enable_uart=1) ಎಂಬ ಸಾಲು ಸೇರಿಸಬೇಕಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮು ತೆರೆದು ಸೀರಿಯಲ್ ಆರಿಸಿ, ವೇಗ 115200 ಕೊಡಿ. ಇದು ಸೆಕೆಂಡಿಗೆ 11,520 ಅಕ್ಷರ. ಪೈಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ, ಕರ್ನೆಲ್ ಏಳುವಾಗ ಹೇಳುವುದೆಲ್ಲ ಸಾಲಾಗಿ ಬರುತ್ತದೆ. ಕೊನೆಗೆ ಲಾಗಿನ್ ಬಂದರೆ ಒಳಗೆ ಹೋಗಿ ಮೊದಲು ಮಳೆಯ ಲೆಕ್ಕದ ಫೈಲ್ ಕಾಪಿ ಮಾಡಿಕೊಳ್ಳಿ, ಆಮೇಲೆ ವೈಫೈ ನೋಡಿ. ಲಾಗಿನ್ ಬರುವ ಮೊದಲೇ ಮೆಮೊರಿ ಕಾರ್ಡ್ ಓದಲಾಗುತ್ತಿಲ್ಲ ಎಂಬ ಸಾಲುಗಳು ಬಂದರೆ ಕಾರ್ಡ್ ಹೋಗುತ್ತಿದೆ ಎಂದರ್ಥ. ಹಾಗಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಕಾರ್ಡನ್ನು ಹೊರಗೆ ತೆಗೆದು ಒರೆಸಿ, ಒಣ ಜಾಗದಲ್ಲಿಟ್ಟು, ಬಂದ ಸಾಲುಗಳ ಫೋಟೋ ನನಗೆ ಕಳಿಸಿ. ಹೊಸ ಕಾರ್ಡ್ ಹಾಕುವ ತನಕ ಹಳೆಯ ಮಳೆಮಾಪಕದಲ್ಲಿ ದಿನಾ ಬೆಳಿಗ್ಗೆ ಇಂಚಿನ ಲೆಕ್ಕ ಬರೆದಿಡಿ, ಈ ಮಳೆಗಾಲದ ಅಂಕಿ ತಪ್ಪಿಹೋಗಬಾರದು.